ಐದು ಬಾರ್‌ಗಳ ಎತ್ತುಗಡೆ: ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಕೃತಿಯ ಸುತ್ತ ಇವೆ. ಬೀಥೋವನ್ 1805–06ರಲ್ಲಿ ರಚಿಸಿದ, ಜಿ ಮೇಜರ್‌ನಲ್ಲಿರುವ ನಾಲ್ಕನೇ ಪಿಯಾನೊ ಕನ್ಸರ್ಟೊ, ಕೃತಿಸಂಖ್ಯೆ 58. ಮೂರು ಭಾಗ, ಒಟ್ಟು ಅವಧಿ 32ರಿಂದ 35 ನಿಮಿಷ. ಹೊಸ ಓದುಗರಿಗೆ ಕೆಲವು ಪದ: ಕನ್ಸರ್ಟೊ ಎಂದರೆ ಒಂದು ಮುಖ್ಯ ವಾದ್ಯಕ್ಕೂ ಆರ್ಕೆಸ್ಟ್ರಾಕ್ಕೂ ಬರೆದ ಕೃತಿ, ಸ್ಕೋರ್ ಎಂದರೆ ಅದರ ಸ್ವರಲಿಪಿ, ಬಾರ್ ಎಂದರೆ ಸರಿಸುಮಾರು ನಮ್ಮ ಆವರ್ತ ಎಂದಿಟ್ಟುಕೊಳ್ಳಿ, ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ.

ಪ್ರಶ್ನೆ: ಕನ್ಸರ್ಟೊಗಳಲ್ಲಿ ಮೊದಲು ಆರ್ಕೆಸ್ಟ್ರಾ, ಆಮೇಲೆ ಪಿಯಾನೊ ಎಂದು ಕಲಿತಿದ್ದೆ. ಇದರಲ್ಲಿ ಉಲ್ಟಾ ಇದೆಯಲ್ಲ? ಇಂಥ ಪ್ರಯೋಗ ಇದೇ ಮೊದಲೇ?

ಉತ್ತರ: ಪೂರ್ತಿ ಮೊದಲಲ್ಲ. ಮೊಜಾರ್ಟ್ 1777ರಲ್ಲೇ ಇ ಫ್ಲಾಟ್ ಮೇಜರ್ ಕನ್ಸರ್ಟೊದ (ಕೆ. 271) ಎರಡನೇ ಬಾರ್‌ನಲ್ಲಿ ಪಿಯಾನೊ ಬಾಯಿ ಹಾಕುವಂತೆ ಮಾಡಿದ್ದ. ಆದರೆ ಅಲ್ಲಿ ಮೊದಲ ಮಾತು ಆರ್ಕೆಸ್ಟ್ರಾದ್ದೇ. ಬೀಥೋವನ್ ಆ ಮೊದಲ ಮಾತನ್ನೂ ಪಿಯಾನೊಗೆ ಕೊಟ್ಟ, ಅದೂ ಮೆಲುದನಿಯಲ್ಲಿ. ಐದೇ ಬಾರ್ ನುಡಿಸಿ ಪಿಯಾನೊ ಸುಮ್ಮನಾಗುತ್ತದೆ. ಮತ್ತೆ ಅದರ ಸರದಿ ಬರುವುದು 70 ಬಾರ್‌ಗಳ ಆಸುಪಾಸು ಕಳೆದ ಮೇಲೆ.

ಪಿಯಾನೊ ಮೊದಲು ಬಂತು ಎಂಬುದಕ್ಕಿಂತ ಅದಕ್ಕೆ ಸಿಗುವ ಉತ್ತರವೇ ಹೆಚ್ಚು ವಿಚಿತ್ರ. ಪಿಯಾನೊ ಡಿ ಮೇಜರ್ ಕಾರ್ಡ್ ಮೇಲೆ ನಿಲ್ಲುತ್ತದೆ. ಕಿವಿ ಕೃತಿಯ ತವರಾದ ಜಿ ಮೇಜರ್ ಬರಲಿ ಎಂದು ಕಾಯುತ್ತದೆ. ತಂತಿವಾದ್ಯಗಳು ಬರುವುದು ಬಿ ಮೇಜರ್‌ನಲ್ಲಿ, ಇನ್ನೂ ಮೆಲ್ಲಗೆ. ತಟ್ಟಿದ್ದು ಒಂದು ಮನೆಯ ಬಾಗಿಲು, ತೆರೆದದ್ದು ಪಕ್ಕದ ಮನೆಯದು. ಹಾಗಿದ್ದೂ ಅದು ಅಡ್ಡಾದಿಡ್ಡಿ ಅನ್ನಿಸುವುದಿಲ್ಲ, ಏಕೆಂದರೆ ಜಿ ಮೇಜರ್ ಕಾರ್ಡ್‌ನ ನಡುವಿನ ಸ್ವರವಾದ ಬಿ ಇಲ್ಲಿ ಆಧಾರಸ್ವರವಾಗಿ ಕೂತಿರುತ್ತದೆ. ಎರಡು ಊರಿಗೂ ಸೇರಿದ ಒಂದು ಸೇತುವೆ ಅದು.

ಪ್ರಶ್ನೆ: ನಾನು ಪಿಯಾನೊ ವಿದ್ಯಾರ್ಥಿ. ಸ್ವರ ಓದುವುದಕ್ಕೆ ಮೊದಲ ಐದು ಬಾರ್ ಸುಲಭ. ನುಡಿಸಿದರೆ ಮಾತ್ರ ಕೆಲವು ಸ್ವರ ನುಡಿಯುವುದೇ ಇಲ್ಲ, ಇಲ್ಲವೇ ಕಾರ್ಡ್‌ಗಳು ಮರದ ತುಂಡು ಬಡಿದಂತೆ ಕೇಳುತ್ತವೆ. ಏನು ಮಾಡಲಿ?

ಉತ್ತರ: ಈ ಕೃತಿಯಲ್ಲಿ ಅತಿ ಕಷ್ಟದ ಜಾಗ ಇದೇ ಎನ್ನುವವರಿದ್ದಾರೆ, ನಮಗೂ ಹಾಗೆಯೇ ಅನ್ನಿಸುತ್ತದೆ. ಬೆರಳು ಬಿಸಿಯಾಗಿರುವುದಿಲ್ಲ, ಸಭಾಂಗಣದ ಸದ್ದು ಅಂದಾಜಾಗಿರುವುದಿಲ್ಲ, ಮೊದಲ ಕಾರ್ಡ್ ತಪ್ಪಿದರೆ ಮುಚ್ಚಿಡಲು ಹಿಂದೆ ಯಾವ ವಾದ್ಯವೂ ಇರುವುದಿಲ್ಲ.

ಮೊದಲು ಯಂತ್ರದ ವಿಷಯ. ಗ್ರ್ಯಾಂಡ್ ಪಿಯಾನೊದ (ತಂತಿಗಳು ಅಡ್ಡಲಾಗಿ ಮಲಗಿರುವ ದೊಡ್ಡ ಪಿಯಾನೊ) ಕೀ ಸುಮಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ. ತಳ ತಲುಪುವ ಸ್ವಲ್ಪ ಮುಂಚೆ ಹ್ಯಾಮರ್ (ತಂತಿಗೆ ಹೊಡೆಯುವ, ಉಣ್ಣೆ ಹೊದಿಸಿದ ಸುತ್ತಿಗೆ) ಕೀಯ ಹಿಡಿತದಿಂದ ಬಿಡಿಸಿಕೊಂಡು ತಾನೇ ಹಾರಿ ತಂತಿಗೆ ತಾಗುತ್ತದೆ. ಆ ಬಿಡಿಸಿಕೊಳ್ಳುವ ಹಂತದಲ್ಲಿ ಕೀಗೆ ವೇಗ ಇರದಿದ್ದರೆ ಹ್ಯಾಮರ್ ತಂತಿಯನ್ನು ಮುಟ್ಟುವುದಿಲ್ಲ. ನಿಮ್ಮ ನುಂಗಿದ ಸ್ವರಗಳ ಕಾರಣ ಇದು. ಮೆಲ್ಲಗೆ ನುಡಿಸಬೇಕೆಂಬ ಭಯದಲ್ಲಿ ಕೊನೆಯ ಎರಡು ಮೂರು ಮಿಲಿಮೀಟರ್‌ಗಳಲ್ಲಿ ಬೆರಳು ಹಿಂಜರಿಯುತ್ತದೆ. ಕೀಯ ಮೇಲೆ ಬೆರಳು ಮೊದಲೇ ಕೂತಿರಲಿ, ಅಲ್ಲಿಂದ ನಿಧಾನವಾಗಿಯಾದರೂ ತಳದವರೆಗೆ ಒಂದೇ ಸಮನಾಗಿ ಹೋಗಲಿ. ಮೇಲಿಂದ ಬೆರಳು ಬೀಳಿಸಿದರೆ ಮರದ ಸದ್ದು ಸೇರಿಕೊಳ್ಳುತ್ತದೆ. ನೀವು ಹೇಳುವ ‘ಬಡಿತ’ ಬಹುಮಟ್ಟಿಗೆ ಅದೇ.

ಅದೇ ಕಾರ್ಡ್ ಮತ್ತೆ ಮತ್ತೆ ಬರುವಾಗ ಕೈ ಎತ್ತಬೇಡಿ. ಗ್ರ್ಯಾಂಡ್‌ನಲ್ಲಿ ಕೀ ಅರ್ಧದಷ್ಟು ಮೇಲೆದ್ದರೆ ಸಾಕು, ಹ್ಯಾಮರ್ ಮರುಹೊಡೆತಕ್ಕೆ ಸಿದ್ಧವಾಗಿರುತ್ತದೆ. ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೊದಲ್ಲಿ ಈ ಸೌಲಭ್ಯವಿಲ್ಲ, ಕೀ ಬಹುತೇಕ ಪೂರ್ತಿ ಮೇಲೆ ಬರಬೇಕು. ಮನೆಯ ಅಪ್‌ರೈಟ್‌ನಲ್ಲಿ ಮಾತ್ರ ಅಭ್ಯಾಸ ಮಾಡಿದವರು ವೇದಿಕೆಯ ಗ್ರ್ಯಾಂಡ್ ಮುಂದೆ ತಬ್ಬಿಬ್ಬಾಗುವುದು ಇಲ್ಲೇ. ಕಾರ್ಯಕ್ರಮದ ವಾದ್ಯದ ಮೇಲೆ ಈ ಐದು ಬಾರ್‌ಗಳನ್ನಷ್ಟೇ ನುಡಿಸಲು ಕಾಲು ಗಂಟೆ ಕೇಳಿ ಪಡೆಯಿರಿ.

ಎರಡನೆಯದು ಸ್ವರಗಳ ತೂಕ. ಬಲಗೈಯ ಮೇಲಿನ ಸ್ವರ ಹಾಡಬೇಕು, ಉಳಿದವು ಅದರ ನೆರಳಾಗಿರಬೇಕು. ಕೆಡಿಸುವುದು ಸಾಮಾನ್ಯವಾಗಿ ಎಡಗೈ ಹೆಬ್ಬೆರಳು: ಅದು ಭಾರದ ಬೆರಳು, ಬೇಡವೆಂದರೂ ಮುಂದೆ ನುಗ್ಗುತ್ತದೆ. ಮೇಲಿನ ಸ್ವರವನ್ನು ನುಡಿಸಿ, ಉಳಿದ ಕೀಗಳನ್ನು ಸದ್ದಾಗದಂತೆ ಒತ್ತಿಹಿಡಿಯುವುದನ್ನು ಅಭ್ಯಾಸ ಮಾಡಿ. ಅದು ಕೈಗೆ ಬಂದ ಮೇಲೆ ಒಂದೊಂದಾಗಿ ಸ್ವರಗಳಿಗೆ ದನಿ ಕೊಡುತ್ತ ಬನ್ನಿ. ನಾಲ್ಕೈದು ಮೀಟರ್ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ ಕೇಳಿ. ಕೀಬೋರ್ಡ್ ಮುಂದೆ ಕೂತ ಕಿವಿಗೆ ಮಂದ್ರದ ಸ್ವರಗಳ ಅಂದಾಜು ಸರಿಯಾಗಿ ಸಿಗುವುದಿಲ್ಲ.

ಬಲ ಪೆಡಲನ್ನು ಕಾರ್ಡ್ ಬದಲಾದಾಗ ಬದಲಿಸಿ, ಅದೇ ಕಾರ್ಡ್ ಮರುಕಳಿಸಿದಾಗಲೆಲ್ಲ ಅಲ್ಲ. ಪ್ರತಿ ಹೊಡೆತಕ್ಕೂ ಪೆಡಲ್ ಬದಲಿಸಿದರೆ ಸಾಲು ಕೊಚ್ಚಿದಂತೆ ಕೇಳುತ್ತದೆ. ಮೌನದ ಗುರುತು ಇರುವಲ್ಲಿ ಮಾತ್ರ ಪೆಡಲ್ ಪೂರ್ತಿ ಮೇಲೆ ಬರಲಿ.

ಇನ್ನೊಂದು ಮಾತು. ಸ್ಕೋರ್‌ನಲ್ಲಿ ಬರೆದಿರುವುದು ‘ಪಿಯಾನೊ, ದೋಲ್ಚೆ’: ಮೆಲ್ಲಗೆ, ಮಧುರವಾಗಿ. ಅತಿ ಮೆಲ್ಲಗೆ ಎಂಬ ಸೂಚನೆ ಇರುವುದು ಆಮೇಲೆ ಬರುವ ತಂತಿವಾದ್ಯಗಳಿಗೆ. ಅವರಿಗಿಂತ ಮೊದಲೇ ನೀವು ತಳ ಮುಟ್ಟಿಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಹವ್ಯಾಸಿ ಆರ್ಕೆಸ್ಟ್ರಾ ಒಂದನ್ನು ನಡೆಸುತ್ತೇನೆ. ಆರನೇ ಬಾರ್‌ನಲ್ಲಿ ತಂತಿವಾದ್ಯಗಳ ಪ್ರವೇಶ ಪ್ರತಿ ಸಲವೂ ಚೆಲ್ಲಾಪಿಲ್ಲಿ. ವೇಗವೂ ಪಿಯಾನೊದೊಂದಿಗೆ ಹೊಂದುವುದಿಲ್ಲ.

ಉತ್ತರ: ಎರಡೂ ಬೇರೆ ಬೇರೆ ರೋಗ. ಪ್ರವೇಶ ಚೆಲ್ಲುವುದು ಸಾಮಾನ್ಯವಾಗಿ ನಿಮ್ಮ ಕೈಯಿಂದ. ಮೊದಲ ಐದು ಬಾರ್‌ಗಳಲ್ಲಿ ಕಂಡಕ್ಟರ್ ತಾಳ ತೋರಿಸಬೇಕಾದ್ದು ಏನೂ ಇಲ್ಲ. ಕೋಲು ಎತ್ತಿ ನಿಂತರೆ ವಾದಕರು ಐದು ಬಾರ್ ಉದ್ದಕ್ಕೂ ಬಿಲ್ಲು ಬಿಗಿಹಿಡಿದು ಕೂರುತ್ತಾರೆ. ಕೈ ಕೆಳಗಿರಲಿ. ಪಿಯಾನೊದ ಕೊನೆಯ ಕಾರ್ಡ್ ಬಂದಾಗ ಬಿಲ್ಲುಗಳು ತಂತಿಯ ಮೇಲೆ ಆಗಲೇ ಕೂತಿರಬೇಕು. ಗಾಳಿಯಿಂದ ಇಳಿಯುವ ಬಿಲ್ಲು ಇಷ್ಟು ಮೆಲುದನಿಯಲ್ಲಿ ಒಟ್ಟಿಗೆ ಇಳಿಯುವುದಿಲ್ಲ. ನಿಮ್ಮ ಸೂಚನೆ ಒಂದೇ ಬೀಟಿನದು (ತಾಳದ ಒಂದು ಎಣಿಕೆ), ಅಂಗೈ ಅಗಲದಷ್ಟು ಸಣ್ಣದು ಇರಲಿ. ದೊಡ್ಡ ಸೂಚನೆಗೆ ದೊಡ್ಡ ಸದ್ದೇ ಉತ್ತರವಾಗಿ ಬರುತ್ತದೆ.

ವೇಗದ ವಿಷಯ. ಪಿಯಾನೊ ವಾದಕರು ಈ ಎತ್ತುಗಡೆಯನ್ನು ಪ್ರಾರ್ಥನೆಯೆಂದು ಭಾವಿಸಿ ನಿಧಾನಿಸುತ್ತಾರೆ. ಆರ್ಕೆಸ್ಟ್ರಾ ‘ಅಲ್ಲೆಗ್ರೊ ಮೊದೆರಾತೊ’ (ಹದವಾದ ಚುರುಕು) ಎಂದು ಓದಿ ತನ್ನ ಪಾಡಿಗೆ ಹೊರಡುತ್ತದೆ. ಲೆಕ್ಕ ಹಾಕಿ ನೋಡಿ: ಮೊದಲ ಭಾಗ 370 ಬಾರ್, ಬಾರಿಗೆ 4 ಬೀಟ್, ಒಟ್ಟು 1,480. ನಿಮಿಷಕ್ಕೆ 104 ಬೀಟ್ ಹಿಡಿದರೆ 14 ನಿಮಿಷದ ಮೇಲೆ ಸ್ವಲ್ಪ, ಕ್ಯಾಡೆನ್ಜಾ (ಪಿಯಾನೊ ಒಂಟಿಯಾಗಿ ನುಡಿಸುವ ಜಾಗ) ಸೇರಿ ಸುಮಾರು 18. ಮೊದಲ ಐದು ಬಾರ್‌ಗಳನ್ನು 84ಕ್ಕೆ ನುಡಿಸಿದರೆ ಆರನೇ ಬಾರ್‌ನಲ್ಲಿ ಗೇರು ಬದಲಾಗಲೇಬೇಕು. ಅಭ್ಯಾಸದ ದಿನ ಪಿಯಾನೊ ವಾದಕರಿಗೆ ಮೊದಲ ಐದು ಬಾರ್ ನುಡಿಸಿ, ನಡುವಿನದ್ದೆಲ್ಲ ಬಿಟ್ಟು, ತಾವು ಮತ್ತೆ ಪ್ರವೇಶಿಸುವ ಜಾಗಕ್ಕೆ ನೇರ ಹೋಗಲು ಹೇಳಿ. ಅಲ್ಲಿ ಅವರ ಕೈ ತಾನಾಗಿ ಹಿಡಿಯುವ ವೇಗವೇ ನಿಜವಾದ ವೇಗ. ಎತ್ತುಗಡೆಯನ್ನು ಅದಕ್ಕೆ ಹೊಂದಿಸಿಕೊಳ್ಳಲಿ. ಸ್ವಲ್ಪ ಸಡಿಲ ಇದ್ದರೆ ಯಾರೂ ತಕರಾರು ಮಾಡುವುದಿಲ್ಲ. 20 ಬೀಟಿನ ಅಂತರ ಸಡಿಲವಲ್ಲ.

ಪ್ರಶ್ನೆ: ಎರಡನೇ ಭಾಗದ ಪೂರ್ತಿ ‘ಊನಾ ಕೋರ್ಡಾ’ ಎಂದು ಬರೆದಿದೆ. ಎಡ ಪೆಡಲನ್ನು ಐದು ನಿಮಿಷ ಒತ್ತಿಯೇ ಇರಬೇಕೆ?

ಉತ್ತರ: ಊನಾ ಕೋರ್ಡಾ ಎಂದರೆ ‘ಒಂದೇ ತಂತಿ’. ಬೀಥೋವನ್ ಕಾಲದ ಇಂಥ ಪಿಯಾನೊಗಳಲ್ಲಿ ಆ ಪೆಡಲ್ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ, ಹ್ಯಾಮರ್ ಒಂದು ಸ್ವರದ ಮೂರು ತಂತಿಗಳ ಬದಲು ಎರಡಕ್ಕೆ, ಇನ್ನೂ ಸರಿಸಿದರೆ ಒಂದಕ್ಕೇ ತಾಗುವಂತೆ ಮಾಡುತ್ತಿತ್ತು. ಆದ್ದರಿಂದಲೇ ಈ ಭಾಗದಲ್ಲಿ ದೀರ್ಘ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ವೇಗದ ಅಲುಗಾಟ) ಏರುತ್ತ ಹೋಗುವಲ್ಲಿ ‘ಎರಡು, ಆಮೇಲೆ ಮೂರು ತಂತಿ’ ಎಂದೂ, ಇಳಿಯುವಾಗ ಅದರ ಹಿಮ್ಮುಖವನ್ನೂ ಸೂಚಿಸಿದ್ದಾನೆ. ಇಂದಿನ ಗ್ರ್ಯಾಂಡ್‌ನಲ್ಲಿ ಕೀಬೋರ್ಡ್ ಸರಿಯುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಮೂರು ತಂತಿಯ ಸ್ವರಗಳಲ್ಲಿ ಎರಡಕ್ಕೆ ಹೊಡೆತ ಬೀಳುತ್ತದೆ. ನಿಜವಾದ ‘ಒಂದೇ ತಂತಿ’ ಸಿಗುವುದಿಲ್ಲ.

ಹಾಗಾಗಿ ಹೆಚ್ಚಿನ ವಾದಕರು ಪೆಡಲನ್ನು ಒತ್ತಿಯೇ ಆರಂಭಿಸಿ, ಟ್ರಿಲ್ ಏರುವಾಗ ಕ್ರಮೇಣ ಬಿಟ್ಟು, ಕೊನೆಗೆ ಮತ್ತೆ ಒತ್ತುತ್ತಾರೆ. ಇದು ಒಳ್ಳೆಯ ದಾರಿ. ಆದರೆ ವಾದ್ಯ ನೋಡಿಕೊಂಡು. ಹಳೆಯ ಹ್ಯಾಮರ್‌ಗಳ ಉಣ್ಣೆಯಲ್ಲಿ ತಂತಿಗಳು ಕೊರೆದ ಗೀರುಗಳಿರುತ್ತವೆ. ಪೆಡಲ್ ಒತ್ತಿದಾಗ ತಂತಿ ಗೀರಿನ ಅಂಚಿಗೆ ತಾಗಿದರೆ ಕೆಲವು ಸ್ವರ ಮೃದು, ಕೆಲವು ಚುಚ್ಚುವಂತೆ, ಕೆಲವು ಝೇಂಕರಿಸುವಂತೆ ಕೇಳುತ್ತವೆ. ಪೆಡಲ್ ಅರ್ಧ ಒತ್ತಿದಾಗ ಇದು ಇನ್ನೂ ಹೆಚ್ಚು. ಪರೀಕ್ಷೆ ಸುಲಭ: ಎಡ ಪೆಡಲ್ ಪೂರ್ತಿ ಒತ್ತಿ, ನಡು ಸ್ಥಾಯಿಯಿಂದ ಎರಡು ಸ್ಥಾಯಿ ಮೇಲಕ್ಕೆ ಒಂದೊಂದೇ ಸ್ವರವನ್ನು ಒಂದೇ ಬಲದಲ್ಲಿ ನುಡಿಸಿ. ಮೂರು ನಾಲ್ಕು ಸ್ವರ ಬೇರೆ ಬಣ್ಣ ತೋರಿಸಿದರೆ ಪಿಯಾನೊ ತಂತ್ರಜ್ಞರಿಗೆ ಹೇಳಿ. ಕೀಬೋರ್ಡ್ ಎಷ್ಟು ಸರಿಯಬೇಕೆಂದು ನಿಲ್ಲಿಸುವ ಸ್ಕ್ರೂ ಒಂದಿದೆ. ಅದನ್ನು ಸರಿಪಡಿಸಿ, ಉಣ್ಣೆಯನ್ನು ಉಜ್ಜಿ ಅಥವಾ ಸೂಜಿಯಿಂದ ಚುಚ್ಚಿ ಮೆದುಗೊಳಿಸಿದರೆ ಸಮನಾಗುತ್ತದೆ. ಈ ಕೆಲಸ ಕಾರ್ಯಕ್ರಮದ ದಿನ ಸಂಜೆ ಆಗುವಂಥದ್ದಲ್ಲ. ಅಂಥ ಹೊತ್ತಿನಲ್ಲಿ ಪೆಡಲ್ ಮರೆತು ಬೆರಳಿನ ಭಾರದಿಂದಲೇ ನುಡಿಸುವುದು ಮೇಲು.

ಅಪ್‌ರೈಟ್‌ನ ಎಡ ಪೆಡಲ್ ಏನನ್ನೂ ಪಕ್ಕಕ್ಕೆ ಸರಿಸುವುದಿಲ್ಲ. ಹ್ಯಾಮರ್‌ಗಳನ್ನು ತಂತಿಯ ಹತ್ತಿರ ತರುತ್ತದೆ, ಅಷ್ಟೇ. ದನಿ ತಗ್ಗುತ್ತದೆ, ಬಣ್ಣ ಹೆಚ್ಚು ಬದಲಾಗುವುದಿಲ್ಲ. ಅದರಲ್ಲಿ ಅಭ್ಯಾಸ ಮಾಡಿ ‘ಊನಾ ಕೋರ್ಡಾ ಗೊತ್ತು’ ಎಂದುಕೊಳ್ಳಬೇಡಿ.

ಪ್ರಶ್ನೆ: ಅದೇ ಭಾಗದ ಬಗ್ಗೆ: ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ತನ್ನ ಸಂಗೀತದಿಂದ ಪಾತಾಳದ ಉಗ್ರಶಕ್ತಿಗಳನ್ನು ಶಾಂತಗೊಳಿಸುವ ಕಥೆ ಇದು ಎಂದು ಓದಿದೆ. ಬೀಥೋವನ್ ಹಾಗೆ ಹೇಳಿದ್ದಾನೆಯೇ?

ಉತ್ತರ: ಸ್ಕೋರ್‌ನಲ್ಲಿ ಅಂಥ ಮಾತಿಲ್ಲ. ಹೋಲಿಕೆ ಆಮೇಲಿನವರದ್ದು, ಸಂಗೀತಕಾರ ಲಿಸ್ಟ್‌ನ ಹೆಸರಿಗೆ ಅದನ್ನು ಅಂಟಿಸುವುದು ರೂಢಿ. ಸಂಗೀತದೊಳಗೆ ಇರುವುದು ಇಷ್ಟು: ತಂತಿವಾದ್ಯಗಳೆಲ್ಲ ಸ್ಥಾಯಿ ಬೇರೆಯಾದರೂ ಒಂದೇ ಸಾಲನ್ನು, ಗಟ್ಟಿಯಾಗಿ, ತುಂಡು ತುಂಡಾಗಿ ನುಡಿಸುತ್ತವೆ. ಪಿಯಾನೊ ಮೆಲ್ಲಗೆ, ಹಾಡಿನಂತೆ ಉತ್ತರ ಕೊಡುತ್ತದೆ. ಬಹುಪಾಲು ಇಬ್ಬರೂ ಒಟ್ಟಿಗೆ ನುಡಿಸುವುದೇ ಇಲ್ಲ. 72 ಬಾರ್‌ಗಳಲ್ಲಿ ಗಟ್ಟಿದನಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ಕಥೆ ತಲೆಯಲ್ಲಿ ಇಟ್ಟುಕೊಂಡ ಆರ್ಕೆಸ್ಟ್ರಾಗಳು ಮಾಡುವ ತಪ್ಪು ಒಂದಿದೆ. ಸೂಚನೆ ‘ಫೋರ್ತೆ’, ಅಂದರೆ ಗಟ್ಟಿ, ‘ಫೋರ್ತಿಸ್ಸಿಮೊ’ ಅಲ್ಲ. ರಾಕ್ಷಸರಂತೆ ಗರ್ಜಿಸಿದರೆ ಬಿಲ್ಲು ತಂತಿಯನ್ನು ಕೆರೆಯುತ್ತದೆ, ಸ್ವರದ ಶ್ರುತಿ ಹೋಗುತ್ತದೆ; ಒಂದೇ ಸಾಲನ್ನು ಇಷ್ಟೊಂದು ಜನ ನುಡಿಸುವಾಗ ಆ ಅಪಶ್ರುತಿಯನ್ನು ಅಡಗಿಸುವ ಬೇರೆ ಸ್ವರ ಇಲ್ಲ. ಇನ್ನೊಂದು ತಪ್ಪು, ಈ ಭಾಗದ ವೇಗಸೂಚನೆಯಾದ ‘ಅಂದಾಂತೆ ಕೊನ್ ಮೋತೊ’ದಲ್ಲಿನ ‘ಮೋತೊ’ವನ್ನು ಮರೆಯುವುದು. ಅದರ ಅರ್ಥ ಚಲನೆ. ಪ್ರತಿ ಮೌನವನ್ನೂ ಎಳೆದು ಎಳೆದು ಏಳು ನಿಮಿಷ ಮಾಡಿದರೆ ಸಂಭಾಷಣೆ ಹೋಗಿ ಎರಡು ಪ್ರತ್ಯೇಕ ಭಾಷಣಗಳು ಉಳಿಯುತ್ತವೆ.

ಪ್ರಶ್ನೆ: ಕ್ಯಾಡೆನ್ಜಾ ಯಾವುದನ್ನು ಆಯ್ದುಕೊಳ್ಳಬೇಕು?

ಉತ್ತರ: ಆರ್ಕೆಸ್ಟ್ರಾ ನಿಂತು ಪಿಯಾನೊ ಒಂಟಿಯಾಗಿ ನುಡಿಸುವ ಜಾಗ ಕ್ಯಾಡೆನ್ಜಾ. ಮೊದಲ ಭಾಗಕ್ಕೆ ಬೀಥೋವನ್ ತಾನೇ ಎರಡು ಬರೆದಿದ್ದಾನೆ. ಹೆಚ್ಚಿನವರು ನುಡಿಸುವುದು ಉದ್ದನೆಯದನ್ನು, ಮೂರರಿಂದ ನಾಲ್ಕು ನಿಮಿಷದ್ದು. ಇನ್ನೊಂದರ ತಲೆಬರಹದಲ್ಲಿ ‘ಮಾ ಸೆಂಜಾ ಕಾದೆರೆ’ ಎಂದಿದೆ: ಬೀಳದ ಕ್ಯಾಡೆನ್ಜಾ. ಆ ಪದದ ಮೂಲದಲ್ಲೇ ‘ಬೀಳು’ ಇರುವುದರಿಂದ ಇದು ಶ್ಲೇಷೆ. ಬ್ರಾಮ್ಸ್, ಕ್ಲಾರಾ ಶೂಮನ್, ಸೇನ್-ಸಾನ್ಸ್, ಬುಸೋನಿ ಮೊದಲಾದವರೂ ಬರೆದಿದ್ದಾರೆ. ಮೊದಲ ಬಾರಿ ನುಡಿಸುವವರಿಗೆ ನಮ್ಮ ಸಲಹೆ ಬೀಥೋವನ್‌ನ ಉದ್ದನೆಯದು. ಆರ್ಕೆಸ್ಟ್ರಾದವರಿಗೆ ಅದು ಕಿವಿಗೆ ಪರಿಚಿತ. ಆ ಪರಿಚಯ ದೊಡ್ಡ ಅನುಕೂಲ, ಏಕೆಂದರೆ ಅಪಘಾತ ಆಗುವುದು ಕ್ಯಾಡೆನ್ಜಾ ಮುಗಿಯುವಲ್ಲಿ. ಬೇರೆಯದನ್ನು ಆಯ್ದರೆ ಅದರ ಕೊನೆಯ ಪುಟವನ್ನು ಕಂಡಕ್ಟರ್‌ಗೂ ಮೊದಲ ವಯಲಿನ್ ಮುಖ್ಯಸ್ಥರಿಗೂ ಮೊದಲ ರಿಹರ್ಸಲ್‌ಗೆ ಮುಂಚೆಯೇ ಕಳಿಸಿ.

ಮೂರನೇ ಭಾಗದ ಕ್ಯಾಡೆನ್ಜಾಕ್ಕೆ ಸ್ಕೋರ್‌ನಲ್ಲೇ ಅಪ್ಪಣೆ ಇದೆ: ‘ಚಿಕ್ಕದಾಗಿರಲಿ’. ಪಾಲಿಸಿ.

ಪ್ರಶ್ನೆ: ಪಿಯಾನೊದ ಎ ಸ್ವರ ಸೆಕೆಂಡಿಗೆ 440 ಕಂಪನಕ್ಕೆ ಶ್ರುತಿಯಾಗಿದೆ, ನಮ್ಮ ಗಾಳಿವಾದ್ಯದವರು 442 ಕೇಳುತ್ತಾರೆ. ಎರಡು ಅಂಕಿಯ ವ್ಯತ್ಯಾಸ ಅಷ್ಟು ದೊಡ್ಡದೇ?

ಉತ್ತರ: ಎ ಸ್ವರದಲ್ಲಿ ಸೆಕೆಂಡಿಗೆ ಎರಡು ಸಲ ಅಲುಗಾಟ ಕೇಳುತ್ತದೆ. ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಸುಮಾರು 8 ಪಾಲು. ಗದ್ದಲದ ಜಾಗದಲ್ಲಿ ದಾಟಿಹೋಗಬಹುದು. ಈ ಕೃತಿಯಲ್ಲಿ ಮೆಲುದನಿಯ ಓಬೊ, ಕೊಳಲು ಪಿಯಾನೊ ಪಕ್ಕದಲ್ಲೇ ನಿಲ್ಲುವ ಜಾಗಗಳು ಬಹಳ.

ಆದರೆ ಪಿಯಾನೊವನ್ನು ಅದೇ ದಿನ ಎಳೆದು 442 ಮಾಡಿಸಬೇಡಿ. ಕನ್ಸರ್ಟ್ ಗ್ರ್ಯಾಂಡ್‌ನ ತಂತಿಗಳ ಒಟ್ಟು ಸೆಳೆತ ಸುಮಾರು 20 ಟನ್. ಎರಡು ಅಂಕಿ ಏರಿಸಿದರೆ ಶೇಕಡಾ 0.9, ಅಂದರೆ ಸುಮಾರು 180 ಕಿಲೊ ಹೆಚ್ಚಿನ ಸೆಳೆತ. ಮರ, ಕಬ್ಬಿಣ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಶ್ರುತಿ ಜಾರಿರುತ್ತದೆ. ಬೇಕಾದರೆ ಕೆಲವು ದಿನ ಮುಂಚೆ ಏರಿಸಿ, ಕಾರ್ಯಕ್ರಮದ ದಿನ ರಿಹರ್ಸಲ್ ಮುಗಿದ ಮೇಲೆ ಮತ್ತೆ ಶ್ರುತಿ ಮಾಡಿಸಿ. ಅದಕ್ಕೆ ಒಂದೂವರೆಯಿಂದ ಎರಡು ಗಂಟೆಯ ಮೌನ ಬೇಕು, ಕುರ್ಚಿ ಎಳೆಯುವವರೂ ಇರಬಾರದು. ವೇದಿಕೆಯ ದೀಪಗಳು ಉರಿಯುತ್ತಿರಲಿ, ಏಕೆಂದರೆ ಕಾರ್ಯಕ್ರಮದ ಹೊತ್ತಿನ ಬಿಸಿ ಅದೇ. ಅದಾಗದಿದ್ದರೆ ಎಲ್ಲರೂ ಪಿಯಾನೊಗೆ ಬನ್ನಿ. ಓಬೊ ಪಿಯಾನೊದಿಂದ ಎ ತೆಗೆದುಕೊಳ್ಳಲಿ, ಉಳಿದವರು ಓಬೊದಿಂದ.

ಪ್ರಶ್ನೆ: ರಿಹರ್ಸಲ್ ಸಮಯ ಬಹಳ ಕಡಿಮೆ. ಯಾವ ಕ್ರಮದಲ್ಲಿ ಮಾಡಲಿ?

ಉತ್ತರ: ಮೂರನೇ ಭಾಗದಿಂದ. ಟ್ರಂಪೆಟ್ ಮತ್ತು ಟಿಂಪನಿ (ಭೇರಿಯಂಥ ವಾದ್ಯ) ಬರುವುದು ಮೂರನೇ ಭಾಗದಲ್ಲಿ ಮಾತ್ರ. ಎರಡನೇ ಭಾಗದಲ್ಲಿ ತಂತಿವಾದ್ಯ ಬಿಟ್ಟು ಬೇರಾರೂ ಇಲ್ಲ. ಮೂರನೆಯದನ್ನು ಮೊದಲು ಮುಗಿಸಿ ಟ್ರಂಪೆಟ್, ಟಿಂಪನಿಯವರನ್ನು ಕಳಿಸಿಕೊಡಿ. ಆಮೇಲೆ ಮೊದಲನೆಯದು, ಅದು ಮುಗಿದ ಮೇಲೆ ಗಾಳಿವಾದ್ಯದವರಿಗೆ ಬಿಡುವು. ಕೊನೆಯ ಅರ್ಧ ಗಂಟೆ ತಂತಿವಾದ್ಯ, ಪಿಯಾನೊ ಮಾತ್ರ ಎರಡನೇ ಭಾಗಕ್ಕೆ. ಕೊಠಡಿ ಖಾಲಿಯಾದಷ್ಟೂ ಆ ಭಾಗ ಚೆನ್ನಾಗಿ ಕೂರುತ್ತದೆ. ಯಾರನ್ನೂ ಕಳಿಸುವ ಮುಂಚೆ ಒಂದು ಸಲವಾದರೂ ಎರಡರಿಂದ ಮೂರಕ್ಕೆ ದಾಟುವುದನ್ನು ಎಲ್ಲರೊಂದಿಗೆ ನುಡಿಸಿ.

ಕಾರ್ಯಕ್ರಮದಲ್ಲಿ ಟ್ರಂಪೆಟ್ ವಾದಕರು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಸುಮ್ಮನೆ ಕೂತಿರುತ್ತಾರೆ. ವಾದ್ಯ ತಣ್ಣಗಾಗುತ್ತದೆ, ತಣ್ಣಗಾದ ಹಿತ್ತಾಳೆಯ ಶ್ರುತಿ ಇಳಿಯುತ್ತದೆ. ಮೊದಲ ಸ್ವರವೇ ಗಟ್ಟಿದನಿಯದು, ತಪ್ಪಿದರೆ ಕೊನೆಯ ಸಾಲಿಗೂ ಗೊತ್ತಾಗುತ್ತದೆ. ಎರಡನೇ ಭಾಗದ ಉದ್ದಕ್ಕೂ ಸದ್ದಾಗದಂತೆ ಬೆಚ್ಚನೆಯ ಉಸಿರು ಊದುತ್ತಿರಲಿ. ಟಿಂಪನಿ ವಾದಕರು ಬೆರಳ ತುದಿಯಲ್ಲಿ ತಟ್ಟಿ, ಕಿವಿ ತೊಗಲಿನ ಬಳಿ ಒಯ್ದು ಶ್ರುತಿ ನೋಡಿಕೊಳ್ಳಬೇಕು. ಪಿಯಾನೊ ಅತಿ ಮೆಲ್ಲಗೆ ನುಡಿಯುವಾಗ ಬೇಡ. ತಂತಿವಾದ್ಯಗಳ ಗಟ್ಟಿ ಸಾಲು ಬಂದಾಗ ಮಾಡಿ.

ಮೂರನೇ ಭಾಗದಲ್ಲಿ ಪಿಯಾನೊ ಮೊದಲ ಸಲ ಉತ್ತರ ಕೊಡುವಾಗ ಕೆಳಗೆ ಒಂದೇ ಒಂದು ಚೆಲ್ಲೊ ಇರುತ್ತದೆ. ಆ ವಾದಕರಿಗೆ ಪಿಯಾನೊ ವಾದಕರ ಕೈ ಕಾಣುವಂತೆ ಕುರ್ಚಿ ಹಾಕಿ. ತೆರೆದ ಮುಚ್ಚಳ ಅಡ್ಡ ಬಂದರೆ ಇಬ್ಬರೂ ಕತ್ತಲಲ್ಲಿ ನಡೆದಂತೆ.

ಪ್ರಶ್ನೆ: ಬೀಥೋವನ್ ಇದನ್ನು ಮೊದಲು ನುಡಿಸಿದ ಕಾರ್ಯಕ್ರಮ ನಾಲ್ಕು ಗಂಟೆ ನಡೆಯಿತಂತೆ, ನಿಜವೇ?

ಉತ್ತರ: ಮೊದಲು ನುಡಿದದ್ದು 1807ರ ಮಾರ್ಚ್‌ನಲ್ಲಿ, ರಾಜಕುಮಾರ ಲೋಬ್ಕೊವಿಟ್ಸ್‌ನ ವಿಯೆನ್ನಾ ಅರಮನೆಯ ಖಾಸಗಿ ಗೋಷ್ಠಿಯಲ್ಲಿ. ನೀವು ಹೇಳುವುದು ಸಾರ್ವಜನಿಕ ಪ್ರದರ್ಶನ: 1808ರ ಡಿಸೆಂಬರ್ 22, ಥಿಯೇಟರ್ ಆನ್ ಡೆರ್ ವೀನ್. ಐದನೇ ಮತ್ತು ಆರನೇ ಸಿಂಫನಿಗಳ ಮೊದಲ ಪ್ರದರ್ಶನವೂ ಅಂದೇ. ಜೊತೆಗೆ ಸಿ ಮೇಜರ್ ಮಾಸ್‌ನ (ಚರ್ಚ್ ಪೂಜೆಯ ಗಾಯನಕೃತಿ) ಭಾಗಗಳು, ಒಂದು ಗಾಯನ, ಪಿಯಾನೊ ಮನೋಧರ್ಮ, ಕೊನೆಗೆ ಪಿಯಾನೊ, ಆರ್ಕೆಸ್ಟ್ರಾ, ಗಾಯನವೃಂದ ಸೇರುವ ಕೋರಲ್ ಫ್ಯಾಂಟಸಿ. ಹೌದು, ಸುಮಾರು ನಾಲ್ಕು ಗಂಟೆ, ಕೊರೆಯುವ ಚಳಿಯಲ್ಲಿ. ರಿಹರ್ಸಲ್ ಸಾಲದೆ ಕೋರಲ್ ಫ್ಯಾಂಟಸಿ ನಡುವೆ ನಿಂತು ಮತ್ತೆ ಶುರುವಾಯಿತು. ಸಭೆಯಲ್ಲಿದ್ದ ಸಂಗೀತಕಾರ ರೈಖಾರ್ಟ್, ಬೀಥೋವನ್ ಈ ಕನ್ಸರ್ಟೊವನ್ನು ಬೆರಗಾಗುವ ವೇಗದಲ್ಲಿ ನುಡಿಸಿದನೆಂದು ಬರೆದಿದ್ದಾನೆ. ಮೊದಲ ಭಾಗವನ್ನು ತೂಗಿ ತೂಗಿ ನುಡಿಸುವವರು ಇದನ್ನು ಓದಿಕೊಳ್ಳಬೇಕು. ಆಮೇಲೆ ಕೃತಿ ಮೂಲೆ ಸೇರಿತು. 1836ರಲ್ಲಿ ಸಂಗೀತಕಾರ ಮೆಂಡೆಲ್‌ಸನ್ ಲೈಪ್‌ಜಿಗ್‌ನಲ್ಲಿ ಅದನ್ನು ಮತ್ತೆ ವೇದಿಕೆಗೆ ತಂದ.

ಪ್ರಶ್ನೆ: ಚಪ್ಪಾಳೆ ಯಾವಾಗ?

ಉತ್ತರ: ಮೂರನೇ ಭಾಗ ಮುಗಿದ ಮೇಲೆ. ಮೊದಲನೆಯದರ ಕೊನೆಗೆ ಯಾರಾದರೂ ತಟ್ಟಿದರೆ ಆಕಾಶ ಬೀಳುವುದಿಲ್ಲ, ಅದು ಗಟ್ಟಿಯಾಗಿಯೇ ಮುಗಿಯುತ್ತದೆ. ಎರಡನೆಯದರ ಕೊನೆಗೆ ಮಾತ್ರ ಕೈ ಕೆಮ್ಮು ಎರಡನ್ನೂ ತಡೆಯಿರಿ. ಅದು ಇ ಮೈನರ್‌ನಲ್ಲಿ ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಆರುತ್ತದೆ, ಮೂರನೆಯದು ನಿಲ್ಲದೆ ಅದರ ಬೆನ್ನಿಗೇ, ಅಷ್ಟೇ ಮೆಲ್ಲಗೆ, ಸಿ ಮೇಜರ್‌ನಲ್ಲಿ ಹೊರಡುತ್ತದೆ.